ಎಮ್ಮೆಯ ಮೌನ ಓದಿದವರು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಹಲ್ಲು. ಅದೂ ಪೂರ್ತಿ ಹುಟ್ಟದ ಹಲ್ಲು.

ಗಾದಿಲಿಂಗನ ಎಂಟು ತಿಂಗಳ ಮಗಳ ಕೆಳದವಡೆಯಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಇಣುಕಿದ ದಿನದಿಂದ ಕಮಲಾಪುರದ ಆ ಮನೆಯಲ್ಲಿ ರಾತ್ರಿ ಅನ್ನುವುದೇ ಇಲ್ಲವಾಗಿತ್ತು. ಹೆಂಡತಿ ದುರ್ಗಾ ಅರ್ಧ ರಾತ್ರಿ, ಇವನು ಅರ್ಧ ರಾತ್ರಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳ ಅಳೆಯುತ್ತಿದ್ದರು. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಿತ್ತು. ಆ ತಿಂಗಳು ಓದಬೇಕೆಂದು ಗಾದಿಲಿಂಗ ತಂದಿಟ್ಟಿದ್ದ ಮೂರು ಹೊಸ ಕಾದಂಬರಿಗಳನ್ನು ಅವನಿಗಿಂತ ಮೊದಲು ಅದೇ ಮುಗಿಸಿತ್ತು.

ಅವನು ನಿದ್ದೆ ಮಾಡುತ್ತಿದ್ದದ್ದು ಕಾರ್ಖಾನೆಯ ಬಸ್ಸಿನಲ್ಲಿ. ಕಂಪ್ಲಿಯಿಂದ ಹೊರಟು ಕಮಲಾಪುರ, ಮಲಪನಗುಡಿ, ಹೊಸಪೇಟೆ ದಾಟಿ ಸಂಡೂರಿನ ಕಡೆ ಹೋಗುವ ಬಸ್ಸು. ಎಡಗಡೆಯ ನಾಲ್ಕನೇ ಕಿಟಕಿ ಅವನದು. ಕುಂತ ಕೂಡಲೇ ಗಾಜಿಗೆ ಹಣೆ ಹಚ್ಚಿದರೆ ಮುಗಿಯಿತು, ಅವನು ಅದಿರಿನ ಲಾರಿ ತೂಗುವ ಕಾಟಾದ ಗೇಟು ಬಂದಾಗಲೇ ಎಚ್ಚರ. ಈ ಭೂಮಿಯ ಮೇಲೆ ಅವನಿಗೆ ಉಳಿದಿದ್ದ ಹಾಸಿಗೆ ಅದೊಂದೇ.

ಆದರೆ ಆ ಬಸ್ಸಿಗೊಂದು ಕಾನೂನಿತ್ತು. ಮಾಡಿದವಳು ಕಾರ್ಖಾನೆಯ ಲ್ಯಾಬಿನ ಶಾಂತಕ್ಕ. "ದಿನಾ ಮೊಬೈಲ್ ತಿಕ್ಕಿ ತಿಕ್ಕಿ ನಿಮ್ಮ ಹೆಬ್ಬಟ್ಟು ಸವದು ಹೋಗ್ಯಾವ. ಈಗಿನವರು ಬರದ ಕಾದಂಬರಿ ಓದ್ರಿ" ಎಂದು ಒಂದು ದಿನ ಗುಡುಗಿದಳು. ಅಂದಿನಿಂದ ತಿಂಗಳ ಕೊನೆಯ ದಿನ ಒಬ್ಬೊಬ್ಬರೂ ಎದ್ದು ನಿಂತು, ಆ ತಿಂಗಳು ಓದಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಕಾದಂಬರಿ ಯಾವುದು ಅಂತ ಹೇಳಬೇಕು. ಓದದವನಿಗೆ ಮುಂದಿನ ತಿಂಗಳು ಪೂರ್ತಿ ಡ್ರೈವರ್ ಪಕ್ಕದ ಬಾನೆಟ್ಟೇ ಗತಿ. ಕೆಳಗೆ ಇಂಜಿನ್, ಮೇಲೆ ಮನುಷ್ಯ. ಒರಗಲು ಆಸರೆಯಿಲ್ಲ, ಹಿಡಿಯಲು ಕಂಬಿಯಿಲ್ಲ. ಈ ತಿಂಗಳು ಅಲ್ಲಿ ಕೂತಿದ್ದವನು ಎಮ್ಮಿಗನೂರಿನ ಎರ್ರೆಪ್ಪ, ಕ್ರೇನ್ ಆಪರೇಟರ್. ಬಿಸಿ ಮರಳಿನಲ್ಲಿ ಹುರಿಯುವ ಮಂಡಕ್ಕಿಯ ಹಾಗೆ ಸಿಡಿದು ಸಿಡಿದು ಅವನು ಅರ್ಧ ಆಗಿದ್ದ.

ಹಾಗಾಗಿ ಮಿಕ್ಕವರೆಲ್ಲ ಓದುತ್ತಿದ್ದರು. ಅಥವಾ ಹಾಗಂತ ಹೇಳುತ್ತಿದ್ದರು.

ಅವತ್ತು ತಿಂಗಳ ಕೊನೆಯ ದಿನ. ಗಾದಿಲಿಂಗ ಆಗಷ್ಟೇ ಹಣೆಯನ್ನು ಗಾಜಿಗೆ ಹಚ್ಚಿದ್ದ.

"ಏ ಗಾದಿಲಿಂಗ, ಏಳಪಾ. ಇವತ್ತು ನಿನ್ನಿಂದನ ಶುರು," ಎಂದಳು ಶಾಂತಕ್ಕ.

ಎದ್ದ. ಬಾಯಿ ತೆರೆದ. ಕೂಸು ತಿಂದ ಪುಸ್ತಕಗಳ ಹೆಸರೂ ನೆನಪಾಗಲೊಲ್ಲದು. ಎದುರಿಗೆ ಬಾನೆಟ್ ಸಣ್ಣಗೆ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಮಲಪನಗುಡಿಯ ಹತ್ತಿರ ಡ್ರೈವರ್ ಹಾಲಸ್ವಾಮಿ ಗಕ್ಕನೆ ಬ್ರೇಕ್ ಒತ್ತಿದ. ರಸ್ತೆಯ ನಟ್ಟನಡುವೆ ಒಂದು ಎಮ್ಮೆ. ಹಾಲಸ್ವಾಮಿ ಹಾರ್ನ್ ಹೊಡೆದ, ಬಾಗಿಲು ಬಡಿದ, ಅದರ ಮನೆತನವನ್ನೆಲ್ಲ ಎತ್ತಿ ಬೈದ. ಎಮ್ಮೆ ತುಟಿಪಿಟಕ್ ಅನ್ನಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬನ ಹಾಗೆ ಬಸ್ಸನ್ನು ಒಮ್ಮೆ ನೋಡಿ, ತನಗೆ ಬೇಕೆನಿಸಿದಾಗ ಪಕ್ಕಕ್ಕೆ ಸರಿಯಿತು.

"ಎಮ್ಮೆಯ ಮೌನ," ಎಂದ ಗಾದಿಲಿಂಗ.

"ಏನದು?"

"ಕಾದಂಬರಿ ಅಕ್ಕಾ. ಹೊಸಾದು. ಭಾಳ ಹಿಡಿಸ್ತು."

"ಯಾರು ಬರದಿದ್ದು?"

"ಅವರು... ಹೆಸರು ಹಾಕ್ಕೊಂಡಿಲ್ಲ."

"ಓ, ಅವರಾ!" ಶಾಂತಕ್ಕ ತಲೆದೂಗಿದಳು. "ಅವರು ಮೊದಲಿಂದಾನೂ ಹಂಗ."

ಗಾದಿಲಿಂಗನ ನಿದ್ದೆ ಅರ್ಧ ಹಾರಿತು. ಸೇಫ್ಟಿ ಸೆಕ್ಷನ್ನಿನ ಪ್ರವೀಣ, ಮನೆಯಿಂದಲೇ ಹೆಲ್ಮೆಟ್ ಹಾಕಿಕೊಂಡು ಬಸ್ಸು ಹತ್ತುವವನು, "ಕತಿ ಹೇಳಲೇ" ಎಂದ.

"ಒಂದೂರಾಗ ಒಂದು ಎಮ್ಮಿ ಇರ್ತದ. ಒಂದಿನ ಅದು ಒದರೋದು ನಿಲ್ಲಿಸಿಬಿಡ್ತದ."

"ಆಮ್ಯಾಲ?"

"ಆಮ್ಯಾಲೂ ಒದರಂಗಿಲ್ಲ. ಇನ್ನೂರ ನಲವತ್ತು ಪುಟ."

ಬಸ್ಸಿನವರೆಲ್ಲ ಅವನ ಕಡೆ ತಿರುಗಿದರು. ಸಿಕ್ಕಿಬಿದ್ದೆ ಅಂದುಕೊಂಡ ಗಾದಿಲಿಂಗ. ಆಗ ಬಾನೆಟ್ಟಿನ ಮೇಲಿಂದ ಎರ್ರೆಪ್ಪ ಚೀರಿದ: "ಅಕ್ಕಾ, ಅದನ್ನ ನಾನೂ ಓದೀನ್ರೀ! ನಿನ್ನೆನ ಮುಗಿಸಿದೆ. ಕಣ್ಣಾಗ ನೀರು ನಿಲ್ಲಲಿಲ್ಲ!" ಬಾನೆಟ್ಟಿನಿಂದ ಇಳಿಯುವುದಕ್ಕೆ ಅವನು ಎಮ್ಮೆಯ ಬಾಲ ಏನು, ಹುಲಿಯ ಬಾಲ ಸಿಕ್ಕಿದ್ದರೂ ಹಿಡಿಯುತ್ತಿದ್ದ.

"ನಿನ್ನೆ ಓದಿದ್ಯಾ? ನಂದು ಹೋದ ವಾರನ ಮುಗೀತು," ಎಂದ ಪ್ರವೀಣ.

ಹಿಂದಿನ ಸೀಟಿನವರು, ಅವರ ಹಿಂದಿನವರು, ನಿಂತವರು, ಎಲ್ಲರೂ ಓದಿದ್ದರು. ಶಾಂತಕ್ಕ ಹಿಂದೆ ಬೀಳುವವಳೇ? "ನಾ ಎರಡನೇ ಸಲ ಓದಾಕ್ಹತ್ತೀನಿ. ಮೊದಲನೇ ಸಲಕ್ಕ ಅದು ತಿಳಿಯಂಗಿಲ್ಲ."

ಗಾದಿಲಿಂಗ ಕೂತು ಗಾಜಿಗೆ ಹಣೆ ಹಚ್ಚಿದ. ಬಚಾವಾದೆ ಅಂದುಕೊಂಡ. ಅದು ತಪ್ಪು. ನಿದ್ದೆ ಹತ್ತುವ ಮೊದಲೇ ಮುಂದಿನಿಂದ ಜಗಳ ಕೇಳಿಸಿತು.

"ಕೊನೀಗೆ ಅದು ಒದರ್ತದಲೇ!" ಎಂದ ಎರ್ರೆಪ್ಪ.

"ಎಲ್ಲಿ ಒದರ್ತದ? ಒದರಿದ್ರ ಅದು ಮೌನ ಹೆಂಗಾಗ್ತದ?" ಎಂದ ಪ್ರವೀಣ.

ಹೊತ್ತೇರುವುದರೊಳಗೆ ಕಾರ್ಖಾನೆ ಎರಡು ಪಾರ್ಟಿಯಾಯಿತು. ಕ್ಯಾಂಟೀನಿನಲ್ಲಿ 'ಒದರಿತು' ಅನ್ನುವವರು ಮಂಡಕ್ಕಿ ಒಗ್ಗರಣೆಯ ಪಾತ್ರೆಯ ಕಡೆ, 'ಒದರಲಿಲ್ಲ' ಅನ್ನುವವರು ಮಿರ್ಚಿ ಪಾತ್ರೆಯ ಕಡೆ ನಿಂತರು. ಒಂದರ ಜೊತೆಗೊಂದಿಲ್ಲದೆ ಎರಡೂ ಗಂಟಲಿಗೆ ಇಳಿಯಲಿಲ್ಲ. ಎರ್ರೆಪ್ಪ ಕ್ರೇನಿನ ತುದಿಯಿಂದಲೇ ಫೋನ್ ಮಾಡಿ, "ನೀನರ ಹೇಳಲೇ ಗಾದಿಲಿಂಗ, ಒದರಿತೋ ಇಲ್ಲೋ?" ಎಂದು ಗೋಗರೆದ. ಕಾಟಾದ ಮೇಲೆ ಲಾರಿ ನಿಲ್ಲಿಸಿದ ಡ್ರೈವರೊಬ್ಬ ತಲೆ ಹೊರಗೆ ಹಾಕಿ ಕೇಳಿದ: "ಸಾಹೇಬ್ರ, ಆ ಎಮ್ಮಿದು ಕೊನೀಗೆ ಏನಾತ್ರಿ?"

"ನೀವೂ ಓದೀರೇನು?"

"ಹ್ಞೂಂ ಮತ್ತ. ಲೋಡ್ ಒಯ್ಯುವಾಗ ಘಾಟಿನಾಗ ಓದಿದೆ."

"ಗಾಡಿ ಯಾರು ಹೊಡೀತಿದ್ರು?"

"ನಾನ!"

ಮಧ್ಯಾಹ್ನ ಶಾಂತಕ್ಕನ ಅಪ್ಪಣೆ ಹೊರಟಿತು. ಸಂಜೆ ಬಸ್ಸಿನಲ್ಲಿ ತೀರ್ಮಾನ. ಕೊನೆಯನ್ನು ತಪ್ಪು ಹೇಳಿದವರು ಕಾದಂಬರಿ ಓದಿಲ್ಲವೆಂದೇ ಅರ್ಥ.

ಗಾದಿಲಿಂಗನ ಕಣ್ಣ ಮುಂದೆ ತನ್ನ ನಾಲ್ಕನೇ ಕಿಟಕಿ ಸುಳಿಯಿತು. ಎದ್ದವನೇ ಲ್ಯಾಬಿಗೆ ಓಡಿದ.

"ಅಕ್ಕಾ, ಖರೇ ಹೇಳ್ತೀನಿ, ಬೈಬ್ಯಾಡ್ರಿ. ಆ ಕಾದಂಬರಿನ ಇಲ್ಲ."

ಶಾಂತಕ್ಕ ಕೈಯಲ್ಲಿದ್ದ ಗಾಜಿನ ನಳಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಕಣ್ಣು ಅಗಲವಾದವು.

"ಇಲ್ಲ! ಅಂದ್ರ ಕೊನೀಗೆ ಎಮ್ಮೀನೂ ಇರಂಗಿಲ್ಲ, ಊರೂ ಇರಂಗಿಲ್ಲ, ಕಾದಂಬರಿನೂ ಇರಂಗಿಲ್ಲ! ಎಪ್ಪಾ, ಎಷ್ಟು ಆಳಕ್ಕ ಇಳದೀಯಲೇ. ಇನ್ನ ಮೂರನೇ ಸಲ ಓದಬೇಕಾತು ನಾನು."

ಗಾದಿಲಿಂಗ ಬಂದ ದಾರಿಯಲ್ಲೇ ವಾಪಸ್ ನಡೆದ.

ಸಂಜೆ ಬಸ್ಸು ಹೊಸಪೇಟೆ ದಾಟುವವರೆಗೂ ಸಂತೆಯ ಹಾಗೆ ಗದ್ದಲ. "ಪುಸ್ತಕ ತಗೀರಿ, ನೋಡೇಬಿಡೋಣು" ಎಂದರು ಯಾರೋ. ಎರ್ರೆಪ್ಪ ತನ್ನದನ್ನು ಅಳಿಯನಿಗೆ ಕೊಟ್ಟಿದ್ದ. ಪ್ರವೀಣ ಮೊಬೈಲಿನಲ್ಲಿ ಓದಿದ್ದ, ಆ ಮೊಬೈಲು ನೀರಿಗೆ ಬಿದ್ದಿತ್ತು. ಶಾಂತಕ್ಕನದು ಸಂಡೂರಿನ ತಂಗಿಯ ಮನೆಯಲ್ಲಿತ್ತು.

"ನಿಂದೆಲ್ಲಿ ಗಾದಿಲಿಂಗ?"

"ಕೂಸು ತಿಂತು."

ಇಡೀ ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಸುಳ್ಳು ಹೇಳಿದ್ರ ನಂಬುವಂಗರ ಇರಬೇಕಲೇ!" ಎಂದ ಪ್ರವೀಣ.

ಕೈ ಎತ್ತಿಸಿ ನೋಡಿದರೆ ಎರಡೂ ಪಾರ್ಟಿ ಸರಿಸಮ. ಗಾದಿಲಿಂಗ 'ಒದರಲಿಲ್ಲ' ಕಡೆ ಎರಡೂ ಕೈ ಎತ್ತಿದ್ದ, ಒಂದನ್ನು ಇಳಿಸಿದರು. ಕೊನೆಗೆ ಉಳಿದವನು ಡ್ರೈವರ್ ಹಾಲಸ್ವಾಮಿ.

"ಹಾಲಸ್ವಾಮಿ, ನೀನೂ ಓದೀ ಅಲ್ಲ? ಏನಾತು ಹೇಳು," ಎಂದಳು ಶಾಂತಕ್ಕ.

ಹಾಲಸ್ವಾಮಿ ಉತ್ತರ ಕೊಡುವ ಬದಲು ಬ್ರೇಕ್ ಒತ್ತಿದ. ಮಲಪನಗುಡಿ. ಬೆಳಿಗ್ಗಿನ ಅದೇ ಜಾಗ. ಅದೇ ಎಮ್ಮೆ.

"ನಾ ಹೇಳೋದೇನು," ಎಂದ ಅವನು. "ಅದ ಹೇಳ್ಲಿ ಬಿಡ್ರಿ."

ಇದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಎಲ್ಲರೂ ಕಿಟಕಿಗೆ ಜೋತುಬಿದ್ದರು. ಹಾಲಸ್ವಾಮಿ ಹಾರ್ನ್ ಹೊಡೆದ. ಎಮ್ಮೆ ಸುಮ್ಮನಿತ್ತು. ಮತ್ತೆ ಹೊಡೆದ. ಸುಮ್ಮನೇ ಇತ್ತು. ಗಾದಿಲಿಂಗನಿಗೆ ಆ ಎಮ್ಮೆಯನ್ನು ತಬ್ಬಿಕೊಳ್ಳಬೇಕು ಅನಿಸಿತು. ಇನ್ನೊಂದೇ ಒಂದು ನಿಮಿಷ ತಾಯೀ, ಇನ್ನೊಂದೇ ನಿಮಿಷ ಬಾಯಿ ಮುಚ್ಚಿಕೊಂಡಿರು, ನನ್ನ ಕಿಟಕಿ ನನಗೆ ಉಳೀತದ.

ಎಮ್ಮೆ ಕತ್ತು ಎತ್ತಿತು. ಗಾದಿಲಿಂಗನನ್ನೇ ನೋಡಿತು. ಆಮೇಲೆ ಹಳೇ ಬಾವಿಯೊಳಗಿನ ಪಾರಿವಾಳಗಳೆಲ್ಲ ಪಟಪಟನೆ ಎದ್ದು ಹಾರುವ ಹಾಗೆ ಒದರಿತು.

"ಇದ! ಇದ ಕೊನೀ ಪುಟ!" ಎರ್ರೆಪ್ಪ ಕುಣಿದ. "ಅಕ್ಷರ ಅಕ್ಷರ ಹಿಂಗ ಐತಿ!" ಹಾಲಸ್ವಾಮಿ ಕಣ್ಣೊರೆಸಿಕೊಂಡ. ಪ್ರವೀಣ ಹೆಲ್ಮೆಟ್ ತೆಗೆದು ಎದೆಗೊತ್ತಿಕೊಂಡು, "ನಾನೂ ಮುಂಜಾನಿಂದ ಇದನ್ನ ಹೇಳಾಕ್ಹತ್ತಿದ್ದೆ" ಎಂದ. 'ಒದರಲಿಲ್ಲ' ಪಾರ್ಟಿ ಆ ಕ್ಷಣಕ್ಕೆ ಖಾಲಿಯಾಯಿತು. ಕೈ ಎತ್ತಿಕೊಂಡೇ ನಿಂತಿದ್ದವನು ಗಾದಿಲಿಂಗ ಒಬ್ಬನೇ.

"ಅಂದ್ರ ನೀ ಓದೇ ಇಲ್ಲ," ಎಂದಳು ಶಾಂತಕ್ಕ, ಭಾಳ ನೊಂದುಕೊಂಡು.

"ಓದೋದಕ್ಕ ಎಲ್ಲೈತ್ರಿ ಅಕ್ಕಾ! ಮುಂಜಾನಿ ಇಲ್ಲೇ ನಿಂತು ನಾನ ಕಟ್ಟಿದ ಕತಿ ಅದು! ಎಮ್ಮಿ ನಂದು, ಮೌನ ನಂದು!"

ಬಸ್ಸು ಬೆಚ್ಚಿಬಿತ್ತು. ಎರ್ರೆಪ್ಪ ಕಿವಿ ಮುಚ್ಚಿಕೊಂಡ.

"ಓದದ ಇರೋದು ಒಂದು ತಪ್ಪು," ಎಂದಳು ಶಾಂತಕ್ಕ. "ಮಂದಿ ಬರದಿದ್ದನ್ನ ತಾ ಬರದೀನಿ ಅನ್ನೋದು ಅದಕ್ಕಿಂತ ದೊಡ್ಡದು. ಪಾಪ, ಅವರು ಹೆಸರು ಹಾಕ್ಕೊಂಡಿಲ್ಲ ಅಂತ ಹಿಂಗ ಮಾಡೋದಾ? ಎರಡು ತಿಂಗಳು ಬಾನೆಟ್."

ಎರ್ರೆಪ್ಪ ಅಷ್ಟರಲ್ಲಾಗಲೇ ನಾಲ್ಕನೇ ಕಿಟಕಿಗೆ ಹಣೆ ಹಚ್ಚಿ ಗೊರಕೆ ಹೊಡೆಯುತ್ತಿದ್ದ.

ಕಮಲಾಪುರದಲ್ಲಿ ಬಾನೆಟ್ಟಿನಿಂದ ಇಳಿದ ಗಾದಿಲಿಂಗ ಕಾಲು ಅಗಲಿಸಿ ಅಗಲಿಸಿ ಇಡುತ್ತಾ ಮನೆ ತಲುಪಿದ. ದುರ್ಗಾ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೂಸು ಸ್ಟೀಲ್ ಚಮಚ ಕಡಿಯುತ್ತಾ ಅಪ್ಪನನ್ನು ನೋಡಿ ನಕ್ಕಿತು. ಎರಡನೇ ಹಲ್ಲು ಇಣುಕಿತ್ತು.

"ಯಾಕ್ರೀ ಇಷ್ಟು ಹೊತ್ತು?"

"ಮಲಪನಗುಡಿ ಹತ್ರ ಎಮ್ಮಿ ಅಡ್ಡ ನಿಂತಿತ್ತು."

"ಕೊನೀಗೆ ಒದರಿತಲ್ಲ?"

ಗಾದಿಲಿಂಗನ ಕೈಯಿಂದ ಟಿಫಿನ್ ಡಬ್ಬಿ ಜಾರಿತು. "ನಿನಗ್ಯಾರು ಹೇಳಿದ್ರು?"

"ಯಾರರ ಯಾಕ ಹೇಳಬೇಕ್ರೀ?" ದುರ್ಗಾ ಕೂಸನ್ನು ಅವನ ಹೆಗಲಿಗೆ ದಾಟಿಸಿ ಒಳಗೆ ನಡೆದಳು. "ನಾ ಓದೀನಲ್ಲ."