ಕೊಡಲಿಗೆ ಮುಲಾಮು

ಹ್ಯಾಡ್‌ವಿಕ್ ಊರಿನಲ್ಲಿ ಯಾರಿಗಾದರೂ ಕೊಡಲಿ ಏಟು ಬಿದ್ದರೆ ಮೊದಲು ಆರೈಕೆ ನಡೆಯುತ್ತಿದ್ದುದು ಕೊಡಲಿಗೆ. ಗಾಯವನ್ನು ತೊಳೆದು, ಬಟ್ಟೆ ಸುತ್ತಿ ಅದರ ಪಾಡಿಗೆ ಬಿಡುವುದು; ಮುಲಾಮನ್ನು ಗಾಯ ಮಾಡಿದ ಕಬ್ಬಿಣಕ್ಕೆ ಬಳಿದು, ಬೆಚ್ಚಗೆ ಹೊದಿಸಿ ಮಲಗಿಸುವುದು. ಕಬ್ಬಿಣ ಚೇತರಿಸಿಕೊಂಡಂತೆ ಮನುಷ್ಯನೂ ಚೇತರಿಸಿಕೊಳ್ಳುತ್ತಾನೆಂದು ಪಾದ್ರಿಗಳಿಂದ ಹಿಡಿದು ಹಂದಿ ಕಾಯುವವನವರೆಗೆ ಎಲ್ಲರೂ ನಂಬಿದ್ದರು.

ನಂಬದೆ ಹೊಟ್ಟೆ ಉರಿದುಕೊಂಡಿದ್ದವನು ಒಬ್ಬನೇ, ಶಸ್ತ್ರವೈದ್ಯ ಜರ್ವೇಸ್ ಗಾಡ್‌ಬೋಲ್ಡ್. ಲಂಡನ್ನಿನಲ್ಲಿ ಏಳು ವರ್ಷ ಗುರುವಿನ ಮನೆಯಲ್ಲಿ ಚಾಕರಿ ಮಾಡಿ ವಿದ್ಯೆ ಕಲಿತವನು. ಹನ್ನೆರಡು ವರ್ಷ ಹಡಗಿನಲ್ಲಿದ್ದು, ಸ್ಪೇನಿನವರ ಗುಂಡಿಗೆ ಸಿಕ್ಕವರ ಕೈಕಾಲು ಕತ್ತರಿಸಿದವನು. "ನಾನು ಕಾಲು ತೆಗೆದವರೆಲ್ಲ ಇವತ್ತಿಗೂ ಓಡಾಡ್ಕೊಂಡಿದಾರೆ" ಎಂಬುದು ಅವನ ಹೆಮ್ಮೆ. ಅಂಥವನ ಅಂಗಡಿಗೆ ಈಗ ಬರುತ್ತಿದ್ದುದು ಕುಡುಗೋಲು, ಚಾಕು, ಮೊಳೆ. ಒಮ್ಮೆ ಹಾಲು ಕರೆಯುವವಳನ್ನು ಒದ್ದ ಹಸುವನ್ನೇ ಹಿಡಿದು ತಂದು, ಗೊರಸಿಗೆ ಮುಲಾಮು ಹಚ್ಚಿ ಎಂದಿದ್ದರು. ಮನುಷ್ಯರ ಗಾಯ ಮುಟ್ಟಿ ವರ್ಷವಾಗಿತ್ತು. ಕಲಿತ ವಿದ್ಯೆ ಕೈಬಿಟ್ಟು ಹೋಗುತ್ತದಲ್ಲಾ ಎಂದು ಅವನಿಗೆ ನಿಜಕ್ಕೂ ಸಂಕಟ.

ಜನರನ್ನೂ ಪೂರ್ತಿ ದೂರುವ ಹಾಗಿಲ್ಲ. ಹಂದಿಕೊಬ್ಬು, ಜೇನುಮೇಣ, ಟರ್ಪೆಂಟೈನ್ ಹಾಕಿ ಅವನು ಕಾಯಿಸುತ್ತಿದ್ದ ಆ ಹಸಿರು ಮುಲಾಮು ಗಾಯಕ್ಕೆ ತಾಗಿದರೆ ಸತ್ತವನೂ ಎದ್ದು ಓಡಬೇಕು. ಕೊಡಲಿಯಾದರೆ ಕೂಗುವುದಿಲ್ಲ.

ಹೀಗಿರುವಾಗ ಗಾಡಿಚಕ್ರ ಮಾಡುವ ರೇಫ್ ಟಿಪೆಟ್ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ. ಅವನ ಹೆಂಡತಿ ಡಾರ್ಕಸ್ ಕೊಡಲಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಓಡಿಬಂದಳು.

"ಬೇಗ ಹಚ್ಚಿ ಪಂಡಿತ್ರೇ! ರಕ್ತ ನಿಲ್ತಾನೇ ಇಲ್ಲ!"

"ಯಾರಿಗಮ್ಮಾ? ಗಂಡಂಗೋ, ಕೊಡಲಿಗೋ?"

"ಈಗ ತಮಾಷೆ ಬೇಡಿ. ಪಾಪ, ಇದಕ್ಕೆ ಗಾಳಿ ತಾಗುತ್ತೆ."

ಬೇರೆ ದಿನವಾಗಿದ್ದರೆ ಜರ್ವೇಸ್ ಎಗರಾಡುತ್ತಿದ್ದ. ಅಂದು ಅವನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ರೇಫ್‌ನ ಕೊಡಲಿಯನ್ನು ಹಾಗೇ ಅಟ್ಟಕ್ಕೆಸೆದ. ತನ್ನ ಮನೆಯ ಸೌದೆ ಒಡೆಯುವ ಕೊಡಲಿಗೆ ಮುಲಾಮು ಬಳಿದು ಹೊದಿಸಿ ಮಲಗಿಸಿದ. ತನ್ನ ಹೆಂಡತಿಗೂ ಗುಟ್ಟು ಬಿಡಲಿಲ್ಲ. ರೇಫ್‌ನ ಗಾಯ ಮಾಯಲಿ, ಆಗ ಊರಿನ ಕಣ್ಣು ತೆರೆಸುತ್ತೇನೆ, ಆಮೇಲೆ ಜನ ತಾವಾಗಿ ಕೈಕಾಲು ಚಾಚಿಕೊಂಡು ನನ್ನ ಮುಂದೆ ಕೂರುತ್ತಾರೆ ಎಂದು ಲೆಕ್ಕ ಹಾಕಿದ.

ಎರಡು ವಾರ ಕಳೆದು, ಸಂತೆಯ ದಿನ, ಅಗಾಥಾಳ ಬಿಯರ್ ಅಂಗಡಿಯಲ್ಲಿ ಊರೇ ಸೇರಿತ್ತು. ಜರ್ವೇಸ್ ಎರಡೂ ಕೈಗೆ ಒಂದೊಂದು ಕೊಡಲಿ ಹಿಡಿದು ಒಳಗೆ ನುಗ್ಗಿದಾಗ ಹಳೇ ಬಾಕಿ ಉಳಿಸಿಕೊಂಡಿದ್ದ ಇಬ್ಬರು ಮೇಜಿನ ಕೆಳಗೆ ತೂರಿಕೊಂಡರು.

"ರೇಫ್, ಕಾಲು ಹೇಗಿದೆಯೋ?"

"ಹೇಗಿದೆಯಾ? ನೋಡಿ!" ಎಂದವನೇ ರೇಫ್ ಬೆಂಚು ಹತ್ತಿ ಕುಣಿದೇಬಿಟ್ಟ.

"ಕುಣಿ, ಚೆನ್ನಾಗಿ ಕುಣಿ. ಈಗ ಎಲ್ಲಾರೂ ಇಲ್ಲಿ ನೋಡ್ರಪ್ಪಾ. ಇದು ರೇಫ್‌ನ ಕೊಡಲಿ. ಇದಕ್ಕೆ ಒಂದು ಚೂರೂ ಮುಲಾಮು ಹಚ್ಚಿಲ್ಲ, ಅಟ್ಟದಲ್ಲಿ ತುಕ್ಕು ಹಿಡೀತಾ ಬಿದ್ದಿತ್ತು. ನಾನು ಹಚ್ಚಿದ್ದು ಇದಕ್ಕೆ, ನಮ್ಮನೆ ಕೊಡಲಿಗೆ. ಇದು ರೇಫ್‌ನ ಮುಖಾನೇ ಕಂಡಿಲ್ಲ!"

ಡಾರ್ಕಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪಾದ್ರಿಗಳು ಲೋಟ ಕೆಳಗಿಟ್ಟು ನಿಧಾನವಾಗಿ ಎದ್ದರು.

"ಅಂದ್ರೆ, ಸಂಬಂಧವೇ ಇಲ್ಲದ ಕೊಡಲಿಗೆ ಹಚ್ಚಿದ್ರೂ ರೇಫ್‌ಗೆ ವಾಸಿಯಾಯ್ತು?"

"ಹೌದು ಪಾದ್ರಿಗಳೇ! ನೀವಾದ್ರೂ ಅರ್ಥ ಮಾಡ್ಕೊಂಡ್ರಲ್ಲ!"

"ಬೇರೆ ಊರಿನ ಪಂಡಿತರಿಗಾದ್ರೆ, ಗಾಯ ಮಾಡಿದ ಆಯುಧವೇ ಬೇಕು."

"ಹೌ... ಏನಂದ್ರಿ?"

"ನಮ್ಮ ಪಂಡಿತರಿಗೆ ಯಾವ ಕೊಡಲಿಯಾದ್ರೂ ಆಗುತ್ತೆ!"

ಸೂರು ಹಾರಿಹೋಗುವಂತೆ ಜನ ಕೇಕೆ ಹಾಕಿದರು. ಅಗಾಥಾ ಓಡಿಬಂದು ಜರ್ವೇಸ್‌ನ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನಮ್ಮಣ್ಣಂಗೆ ಯುದ್ಧದಲ್ಲಿ ಕತ್ತಿ ಏಟು ಬಿತ್ತು. ಆ ಶತ್ರು ಕತ್ತಿ ತಗೊಂಡು ಓಡಿಹೋದ ನೋಡಿ, ಹಚ್ಚೋಕೆ ಏನೂ ಸಿಗದೆ ಇವತ್ತಿಗೂ ಕುಂಟ್ತಾನೆ. ಇನ್ನೇನು ಚಿಂತೆ, ನಮ್ಮನೆ ಚಾಕು ಸಾಕು!"

"ಅಯ್ಯೋ ದಡ್ಡ ಶಿಖಾಮಣಿಗಳಾ!" ಎಂದು ಜರ್ವೇಸ್ ಸಿಟ್ಟಿನಲ್ಲಿ ಒಂದು ಕೊಡಲಿಯನ್ನು ಮೇಜಿನ ಮೇಲೆ ಕುಕ್ಕಿದ. ಅದು ಪುಟಿದು ಸೀದಾ ಅವನ ಎಡಗಾಲಿನ ಮೇಲೆ ಬಿತ್ತು. ಬೂಟು ಸೀಳಿ ರಕ್ತ ಚಿಮ್ಮಿತು.

"ಸತ್ತೆ! ಮುಲಾಮು ತನ್ನಿ, ಮುಲಾಮು!"

ಊರಿಗೆ ಅವನ ಮೇಲೆ ಎಷ್ಟು ಪ್ರೀತಿಯೆಂದು ಆಗ ತಿಳಿಯಿತು. ಒಬ್ಬರೂ ಕುಳಿತಲ್ಲಿ ಕೂರಲಿಲ್ಲ, ಎದ್ದೆವೋ ಬಿದ್ದೆವೋ ಎಂದು ಮನೆಗಳಿಗೆ ಓಡಿದರು. ರೇಫ್ ನೆಗೆಯುತ್ತಾ ಹೋಗಿ ಮುಲಾಮಿನ ಮಡಕೆಯನ್ನೇ ಹೊತ್ತು ತಂದ. ಯಾವ ಕಬ್ಬಿಣವಾದರೂ ಆಗುತ್ತದೆ ಎಂದ ಮೇಲೆ, ಮನೆಯಲ್ಲಿ ತುಕ್ಕು ಹಿಡಿದ ಸಾಮಾನಿಗೇ ಹಚ್ಚಿದರೆ ಅದೂ ಉಳಿಯಿತು, ಪಂಡಿತರೂ ಉಳಿದರು ಎಂಬುದು ಎಲ್ಲರ ಯೋಚನೆ. ಡಾರ್ಕಸ್ ಗರಗಸ ತಂದಳು, ಅಗಾಥಾ ಮಾಂಸ ಕೊಚ್ಚುವ ಕತ್ತಿ ತಂದಳು. ಪಾದ್ರಿಗಳು ವರ್ಷದಿಂದ ಕಿರುಗುಟ್ಟುತ್ತಿದ್ದ ಚರ್ಚಿನ ಬಾಗಿಲಿನ ಕೀಲನ್ನೇ ಕಿತ್ತು ತಂದರು.

"ನಿಮಗೋಸ್ಕರ ಪಂಡಿತ್ರೇ, ಸ್ವಲ್ಪ ತಡ್ಕೊಳ್ಳಿ!" ಎನ್ನುತ್ತಾ ಎಲ್ಲರೂ ಉಜ್ಜಿದ್ದೇ ಉಜ್ಜಿದ್ದು.

ಅಷ್ಟರಲ್ಲಿ ಹೆಂಡತಿ ವಿನಿಫ್ರೆಡ್ ಏದುಸಿರು ಬಿಡುತ್ತಾ ಬಂದಳು. ಗಂಡನ ಕಾಲು ತೊಳೆದು ಬಟ್ಟೆ ಸುತ್ತಿದಳು. ಜರ್ವೇಸ್‌ನ ಕಣ್ಣು ತುಂಬಿ ಬಂತು.

"ವಿನಿ, ಮಡಕೇಲಿ ಇನ್ನೂ ಒಂಚೂರಿದೆ ಕಣೇ. ಅದನ್ನಾದ್ರೂ ನನ್ನ ಗಾಯಕ್ಕೆ ಹಚ್ಚೇ."

ಅವಳು ಸುತ್ತ ನೋಡಿ, ನಾಚಿಕೆಯಿಂದ ಅವನ ಕಿವಿಯ ಬಳಿ ಬಗ್ಗಿದಳು.

"ಮೆಲ್ಲಗೆ ಮಾತಾಡಿ ರೀ, ನಾಲ್ಕು ಜನ ಕೇಳಿಸ್ಕೊಂಡ್ರೆ ಏನಂದ್ಕೋತಾರೆ? ಇಷ್ಟು ವರ್ಷ ವೈದ್ಯ ಮಾಡಿದೀರಿ, ಯಾರಾದ್ರೂ ಗಾಯಕ್ಕೆ ಮುಲಾಮು ಹಚ್ತಾರಾ?" ಎಂದವಳೇ, ಮಡಕೆಯ ತಳ ಕೆರೆದು, ಬಗಲಲ್ಲಿ ತಂದಿದ್ದ ಬಾಣಲೆಗೆ ಬಳಿದಳು.