ಟೇಪಿನ ಇನ್ನೊಂದು ಮಗ್ಗುಲು

ನಮ್ಮ ಷಡ್ಡಕನಿಗೆ ಕೂರಲು ಬರುವುದಿಲ್ಲ! ಕೈಕಾಲು, ಸೊಂಟ ಎಲ್ಲ ನೆಟ್ಟಗಿವೆ, ದೋಷ ಅಲ್ಲಿಲ್ಲ. ಕುರ್ಚಿ ಕೊಟ್ಟರೆ ಅದರ ಮೇಲೆ ಕೂರುವ ಬದಲು ಅದನ್ನು ಅಳೆಯುತ್ತಾನೆ. ಚಹಾ ಕೊಟ್ಟರೆ ಕಪ್ಪಿನ ಬಾಯಿಗೆ ದಾರ ಸುತ್ತುತ್ತಾನೆ. ಅಷ್ಟರಲ್ಲಿ ಚಹಾ ಆರಿರುತ್ತದೆ, ಅವನು ಬಾಗಿಲಿನ ಹತ್ತಿರ ಹೋಗಿರುತ್ತಾನೆ. "ಭಾಯ್, ಈ ಮೂಲಿ ತೊಂಬತ್ತು ಡಿಗ್ರಿ ಇಲ್ಲ!" ಎಂದು ಅಲ್ಲಿಂದಲೇ ಕೂಗುತ್ತಾನೆ. ಬಾಡಿಗೆ ಮನೆ ಮಾರಾಯ, ಎಷ್ಟು ಡಿಗ್ರಿ ಇದ್ದರೆ ನನಗೇನು?

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಮಸ್ಕಿಯಲ್ಲಿ ನಮ್ಮ ಓಣಿಯ ಶಾಲೆಯಲ್ಲೇ ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತಾನೆ. ನಾನು ಅದೇ ಓಣಿಯ ದರ್ಜಿ. ನನ್ನ ಟೇಪು ನನ್ನ ಕೊರಳಲ್ಲಿ ಇರುವುದಕ್ಕಿಂತ ಅವನ ಚೀಲದಲ್ಲಿ ಇರುವುದೇ ಹೆಚ್ಚು. ನಮ್ಮ ಮನೆಗಳಲ್ಲಿ ಜಗಳ ದಖನಿ ಉರ್ದುವಿನಲ್ಲಿ, ಲೆಕ್ಕ ಕನ್ನಡದಲ್ಲಿ. ಅವನು ಬಂದಾಗ ಎರಡೂ ಒಟ್ಟಿಗೆ ನಡೆಯುತ್ತವೆ. ಶಾಲೆಗೆ ಹೋಗುವುದೇ ಇಲ್ಲ ಎಂದು ಹಟ ಹಿಡಿದು ಕೂತಿದ್ದ ನನ್ನ ಮಗಳು ನಗ್ಮಾಳನ್ನು ಇಂಥ ಆಸಾಮಿಯ ಕೈಗೆ ಒಪ್ಪಿಸಬೇಕಾಗಿ ಬಂತು. ಆಗ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದು ನಿಮಗೆ ತಿಳಿಯಬೇಕಾದರೆ ಮೊದಲು ಆಸಾಮಿಯ ಪರಿಚಯ ಆಗಬೇಕು.

ನಮ್ಮ ಮಾವನದು ಮುದಗಲ್ಲಿನಲ್ಲಿ ಬಳೆ ವ್ಯಾಪಾರ. ಅವರ ಮನೆಗೆ ಹೆಣ್ಣು ನೋಡಲು ಬಂದ ಈ ಮಹಾಶಯ ಹೆಣ್ಣನ್ನು ನೋಡಿದನೋ ಇಲ್ಲವೋ ಅಲ್ಲಾಹನೇ ಬಲ್ಲ, ಕಪಾಟಿನ ಬಳೆಗಳನ್ನಂತೂ ನೋಡಿದ. ಹುಡುಗಿ ಶರಬತ್ತು ಹಿಡಿದು ನಿಂತೇ ಇದ್ದಾಳೆ, ಇವನು ಜೇಬಿನಿಂದ ದಾರ ತೆಗೆದು ಒಂದು ಬಳೆಗೆ ಸುತ್ತಿ, ಆ ದಾರವನ್ನೇ ಬಳೆಯ ಅಡ್ಡಕ್ಕೆ ಹಿಡಿದು ಅಳೆಯತೊಡಗಿದ. "ನೋಡ್ರಿ, ಮೂರು ಸಲ ಹಿಡದು ಮ್ಯಾಲ ಸ್ವಲ್ಪ ಉಳಿತು. ಈಗ ಸಣ್ಣ ಬಳಿ ಕೊಡ್ರಿ. ನೋಡ್ರಿ, ಇದೂ ಮೂರು ಸಲ, ಮ್ಯಾಲ ಸ್ವಲ್ಪ!" ಹೀಗೆ ಎಂಟು ಬಳೆ ಆದವು. ಅತ್ತೆ ಗಾಬರಿಯಾಗಿ ಮಾವನನ್ನು ಒಳಗೆ ಕರೆದು, "ಹುಡುಗ ಯಾಕೋ ಸರಿ ಕಾಣವಲ್ಲ" ಅಂದರು. ಮಾವ ಯೋಚಿಸಿ ಹೇಳಿದರು, "ನಲವತ್ತು ವರ್ಷ ಆತು ಬಳಿ ಮಾರಾಕತ್ತು, ನನಗ ಇದು ಗೊತ್ತಿರ್ಲಿಲ್ಲ. ಹುಡುಗೀನ ಕೊಟ್ಟು ಬಿಡೋಣು, ಇಲ್ಲಾಂದ್ರ ಇಂವ ಅಂಗಡಿ ಬಿಟ್ಟು ಹೋಗಂಗಿಲ್ಲ."

ಮೊದಲು ಅವನಿಗೆ ಕೆಲಸ ದಢೇಸುಗೂರಿನಲ್ಲಿತ್ತು. ಅಲ್ಲಿ ಕಾಲುವೆ ಪಕ್ಕದ ಭತ್ತದ ಗದ್ದೆಗೆ ಇಡೀ ತರಗತಿಯನ್ನು ಇಳಿಸಿದ. ಮೀಟರಿಗೊಂದು ಗಂಟು ಹಾಕಿದ ಹಗ್ಗ ಹಿಡಿದು ಮಕ್ಕಳು ಬದುವಿನುದ್ದಕ್ಕೂ ಓಡಿದರು. ಯಾರೋ ಸರ್ವೆಯವರು ಬಂದಾರೆಂದು ಸುದ್ದಿ ಹಬ್ಬಿಸಿದರು. ಹೊಲದ ಯಜಮಾನ ಊಟದ ಕೈಯಲ್ಲೇ ಓಡಿ ಬಂದ.

"ಯಾರ್ರೀ ನಿಮ್ಮನ್ನ ಕಳಿಸಿದ್ದು? ಯಾವ ಆಫೀಸು?"

"ನಾಲ್ಕನೇ ಕ್ಲಾಸು ರೀ. ಸುತ್ತಳತಿ ಪಾಠ."

ಯಜಮಾನನಿಗೆ ಜೀವ ಬಂತು. ಮರುದಿನ ಬಾಜೂ ಹೊಲದವನು ಶಾಲೆಗೇ ಬಂದು ತನ್ನದೂ ಅಳೆದು ಕೊಡಬೇಕೆಂದ. ಅಲ್ಲಿದ್ದ ಒಬ್ಬ ಹುಡುಗಿ ಹಗ್ಗ ಸುತ್ತುತ್ತಾ ಅಂದಳಂತೆ, "ಆಗತೈತಿ, ಆದ್ರ ತಲಿಗೆ ಒಂದೊಂದು ಪೆನ್ಸಿಲ್ ಬೀಳತೈತಿ ನೋಡ್ರಿ!"

ಮಸ್ಕಿಗೆ ವರ್ಗವಾಗಿ ಬಂದ ಮೇಲೆ ಅವನ ಕಣ್ಣು ನನ್ನ ಅಂಗಡಿಯ ಮೇಲೆ ಬಿತ್ತು. ಮದುವೆ ಹಂಗಾಮಿನಲ್ಲಿ, ನಾನು ಉಸಿರು ಬಿಡಲು ಪುರುಸೊತ್ತಿಲ್ಲದೆ ಹೊಲಿಯುತ್ತಿರುವಾಗ, ಹನ್ನೆರಡು ಮಕ್ಕಳನ್ನು ನುಗ್ಗಿಸಿದ. ಅಳತೆ ಕೊಡಲು ನಿಂತಿದ್ದ ಒಬ್ಬ ದಪ್ಪ ಕಿರಾಣಿ ವ್ಯಾಪಾರಿಯ ಹೊಟ್ಟೆಗೆ ಮೂವರು ಸೇರಿ ಟೇಪು ಸುತ್ತಿ, "ಸರ್, ನೂರಾ ಹದಿನೇಳು!" ಎಂದು ಕೂಗಿದರು. ವ್ಯಾಪಾರಿಯ ಮುಖ ಬಿಳಿಚಿತು. "ಹೋದ ತಿಂಗಳ ನಲವತ್ತಾರು ಇತ್ತಲ್ಲೋ ಮಾರಾಯ!" ಅದು ಇಂಚು, ಇದು ಸೆಂಟಿಮೀಟರ್ ಎಂದು ಎಷ್ಟು ತಿಳಿಸಿ ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. ಒಂದು ವಾರ ಸಂಜೆಯ ಮಿರ್ಚಿ ಭಜಿ ಬಿಟ್ಟನಂತೆ.

ನಾನು ಇಂಚಿನ ಮನುಷ್ಯ. ನಮ್ಮಪ್ಪನೂ ಇಂಚಿನವನೇ. ನಮ್ಮ ಟೇಪಿನ ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರ್. ಆ ಇನ್ನೊಂದು ಮಗ್ಗುಲನ್ನು ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಉಪಯೋಗಿಸಿದವನಲ್ಲ. ಷಡ್ಡಕ ಇದಕ್ಕಾಗಿ ನನ್ನನ್ನು ಆಡಿಕೊಳ್ಳದ ದಿನವಿಲ್ಲ.

ಅಂಗಡಿಗೆ ಮಕ್ಕಳನ್ನು ನುಗ್ಗಿಸಿದ ಆ ದಿನವೇ ಅವನು ನನ್ನ ಅಳತೆ ಪುಸ್ತಕ ತಿರುವಿ ಹಾಕುತ್ತಾ, "ಭಾಯ್, ಹೆಸರಿನ ಬಾಜೂ ಈ ಚುಕ್ಕಿ ಎದಕ?" ಎಂದು ಕೇಳಿದ. ಅದು ದರ್ಜಿಗಳ ಗುಟ್ಟು, ಹೇಳಬಾರದು. ಆದರೆ ಅವನು ಬಿಡುವವನೇ? ಹೇಳಿದೆ. ಯಾರ ಎರಡೂ ಭುಜ ಸಮ ಇರುವುದಿಲ್ಲ. ಒಬ್ಬರಿಗೆ ಎಡ ಇಳಿದಿರುತ್ತದೆ, ಇನ್ನೊಬ್ಬರಿಗೆ ಬಲಗೈ ಉದ್ದ ಇರುತ್ತದೆ. ಯಾವ ಕಡೆ ವ್ಯತ್ಯಾಸ ಇದೆಯೋ ಆ ಕಡೆ ಒಂದು ಚುಕ್ಕಿ ಹಾಕಿಕೊಂಡು, ಗಿರಾಕಿಗೆ ಗೊತ್ತಾಗದಂತೆ ಹೊಲಿದು ಕೊಡುವುದು. ಕನ್ನಡಿ ಮುಂದೆ ನಿಂತಾಗ ಅವನಿಗೆ ತಾನು ನೆಟ್ಟಗಿದ್ದೇನೆ ಅನ್ನಿಸಬೇಕು. ಷಡ್ಡಕ ಪುಟದ ಮೇಲೆ ಪುಟ ತಿರುವಿದ. "ಚುಕ್ಕಿ ಇಲ್ಲದ ಹೆಸರು?" ಅಂದ. "ಇಲ್ಲ" ಅಂದೆ. ಅವನು ಒಂದು ಗಳಿಗೆ ಅಲ್ಲಾಡದೆ ನಿಂತ. ಹುಷಾರಿಲ್ಲವೇನೋ ಎಂದು ನನಗೆ ಭಯವಾಯಿತು.

ಇನ್ನು ನಗ್ಮಾಳ ವಿಷಯ. ಮೂರನೇ ತರಗತಿಯಲ್ಲಿದ್ದಾಗ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಎಡಗಾಲು ಮುರಿದುಕೊಂಡಳು. ಲಿಂಗಸುಗೂರಿನ ಆಸ್ಪತ್ರೆಗೆ ಹೊತ್ತುಕೊಂಡು ಓಡಾಡಿದ್ದೇ ಓಡಾಡಿದ್ದು. ಮೂಳೆ ಚೆನ್ನಾಗಿ ಕೂಡಿತು. ಆದರೆ ಬೆಳೆಯುವ ಜಾಗಕ್ಕೇ ಪೆಟ್ಟು ಬಿದ್ದದ್ದರಿಂದ ಆ ಕಾಲು ಒಂದಿಷ್ಟು ಹಿಂದೆ ಉಳಿಯಿತು. ನಾಲ್ಕನೇ ತರಗತಿಗೆ ಹೋದ ಮೂರನೇ ದಿನ ಅಳುತ್ತಾ ಬಂದಳು. ಭಾಗ್ಯ ಎಂಬ ಹುಡುಗಿ ಅವಳ ಹಾಗೆ ನಡೆದು ತೋರಿಸಿ ಎಲ್ಲರನ್ನೂ ನಗಿಸಿದ್ದಳಂತೆ. ಅಲ್ಲಿಂದ ಮುಂದೆ ಶಾಲೆ ಬಂದ್. ನನ್ನ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚತೊಡಗಿದಳು. ಒಂಬತ್ತು ವರ್ಷದ ಕೂಸು! ಹೀಗೇ ಗುಂಡಿ ಹಚ್ಚುತ್ತಾ ಉಳಿದು ಬಿಟ್ಟರೆ ಗತಿಯೇನು ಎಂದು ಅವಳ ಅಮ್ಮಿ ದಿನಾ ಕಣ್ಣೀರು ಹಾಕುತ್ತಿದ್ದಳು.

ನಾನು ನನಗೆ ತಿಳಿದದ್ದನ್ನು ಮಾಡಿದೆ. ಹೊಸ ಸಲ್ವಾರ್ ಹೊಲಿದು, ಎಡಗಾಲಿನದನ್ನು ಸದ್ದಿಲ್ಲದೆ ಅರ್ಧ ಇಂಚು ಮಡಚಿ ಹೊಲಿಗೆ ಹಾಕಿದೆ. ನಗ್ಮಾ ಅಳತೆ ಪುಸ್ತಕ ತೆರೆದು ನೋಡಿದಳು. ದರ್ಜಿಯ ಮಗಳಿಗೆ ಚುಕ್ಕಿಯ ಅರ್ಥ ಗೊತ್ತಿರದೇ ಇರುತ್ತದೆಯೇ?

"ಅಬ್ಬಾ, ನೀವೂ ನನಗ ಚುಕ್ಕಿ ಹಾಕೀರಿ?"

ಸಲ್ವಾರನ್ನು ಮೂಲೆಗೆ ಎಸೆದಳು. ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಆಗಲೇ ಷಡ್ಡಕ ಬಿರುಗಾಳಿ ಹಾಗೆ ಬಂದ. "ನಾಳೆ ಅಳತಿ ಪಾಠ. ಟೇಪು ಬೇಕು, ಟೇಪು ನೋಡಿಕೊಳ್ಳಾಕ ಅಂಗಡಿಯವ್ರೊಬ್ಬರು ಬೇಕು. ನಗ್ಮಾ, ನೀ ಪಾಠ ಕಲಿಯಾಕ ಬರಬ್ಯಾಡ, ಟೇಪು ಕಾಯಾಕ ಬಾ."

"ಖಾಲೂ, ಟೇಪು ಕಳದ್ರ ಅಬ್ಬಾ ಬೈತಾರ," ಎಂದಳು ನಗ್ಮಾ ತನ್ನ ಚಿಕ್ಕಪ್ಪನಿಗೆ.

"ಅದಕ್ಕ ಅಲ್ಲೇನು ಕರಿಯೋದು?"

ಮರುದಿನ ನಗ್ಮಾ ಹೋದಳು. ಕತ್ತರಿ ಬಿಟ್ಟು ನಾನೂ ಹಿಂದೆ ಹೋಗಿ ಶಾಲೆಯ ಕಿಟಕಿಗೆ ಕಣ್ಣು ಹಚ್ಚಿದೆ.

ಒಳಗೆ ಸಂತೆ! ಹಳೆಯ ಪೇಪರಿನ ಮೇಲೆ ಮಕ್ಕಳು ತಮ್ಮ ಪಾದ ಇಟ್ಟು ಗೆರೆ ಎಳೆಯುತ್ತಿದ್ದಾರೆ, ಗೋಡೆಗೆ ನಿಂತು ಭುಜದ ಗುರುತು ಹಾಕುತ್ತಿದ್ದಾರೆ. ಷಡ್ಡಕ ನನ್ನ ಹೊಸ ಟೇಪನ್ನು ಮೇಲೆತ್ತಿ ಹಿಡಿದು ಕೂಗಿದ, "ಎರಡು ಪಾದ, ಎರಡು ಕೈ, ಎರಡು ಭುಜ! ಮೂರೂ ಜೋಡಿ ಸಮ ಬಂದವ್ರಿಗೆ ಈ ಟೇಪು ಇನಾಮು!" ನೋಡಿ ಇವನ ದಾನ, ಟೇಪು ನನ್ನದು! ಸರಿ ಬಂದಿದೆಯೋ ಇಲ್ಲವೋ ಎಂದು ಪರೀಕ್ಷಿಸುವವಳು ನಗ್ಮಾ. ಬೆಂಚಿನಿಂದ ಬೆಂಚಿಗೆ ಓಡುತ್ತಿದ್ದಾಳೆ. ತನ್ನ ಕಾಲು ಹೇಗೆ ಬೀಳುತ್ತಿದೆ ಎಂಬ ನೆನಪೇ ಅವಳಿಗಿದ್ದಂತಿರಲಿಲ್ಲ.

"ಸರ್, ನಂದು ಬಲಗಾಲು ದೊಡ್ಡದೈತಿ!"

"ನಂದು ಭುಜ ಸೊಟ್ಟ ಐತಿ ಸರ್!"

ಒಬ್ಬರಿಗೂ ಇನಾಮು ಸಿಗಲಿಲ್ಲ. ಭಾಗ್ಯ ನಾಲ್ಕು ಸಲ ಅಳೆದಳು, ಟೇಪಿನ ಮೇಲೇ ಸಂಶಯ ಪಟ್ಟಳು, ಕೊನೆಗೆ ಸಿಟ್ಟಿನಿಂದ ನಗ್ಮಾಳ ಕಡೆ ತಿರುಗಿ ಕೇಳಿದಳು, "ಎಲ್ಲಾರದೂ ನೋಡಾಕತ್ತೀದಿ, ನಿಂದು ಎಷ್ಟು?"

ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದೆ. ನಗ್ಮಾ ನೆಲ ನೋಡುತ್ತಾ ಅಂದಳು, "ಕಾಲು ಒಂದೂವರಿ ಸೆಂಟಿಮೀಟರ್ ಕಮ್ಮಿ, ನಾನ ಅಳದು ನೋಡೀನಿ."

ಭಾಗ್ಯ ತನ್ನ ಹಾಳೆ ನೋಡಿದಳು. ಬೆರಳು ಎಣಿಸಿದಳು. "ನಂದು ಕೈಯದು ಒಂದು ಕಮ್ಮಿ, ಪಾದದ್ದು ಅರ್ಧ. ಕೂಡಿಸಿದ್ರ ನಂದೂ ಒಂದೂವರಿ!" ಎಂದವಳೇ ನೆಗೆದಳು. "ಸರ್, ನಮ್ಮಿಬ್ಬರದೂ ಸಮ ಬಂತು! ಟೇಪು ಕೊಡ್ರಿ!"

ಷಡ್ಡಕ ಕೊಟ್ಟೇ ಬಿಟ್ಟ! ಒಂದು ವಾರ ಭಾಗ್ಯಳ ಮನೆಯಲ್ಲಿ, ಒಂದು ವಾರ ನಗ್ಮಾಳ ಹತ್ತಿರ ಎಂದು ತೀರ್ಮಾನವಾಯಿತು. ಅಂದಿನಿಂದ ನಗ್ಮಾ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಟೇಪು ಒಯ್ಯಲು ಬಂದ ಭಾಗ್ಯ ನಮ್ಮ ಮನೆಯಲ್ಲೇ ಊಟ ಮಾಡಿ ಹೋಗುತ್ತಾಳೆ.

ಟೇಪು ಗೆದ್ದ ಆ ದಿನವೇ ಸಂಜೆ ನಗ್ಮಾ ಅಂಗಡಿಗೆ ಬಂದು, ಮೂಲೆಯಲ್ಲಿ ಬಿದ್ದಿದ್ದ ಸಲ್ವಾರನ್ನು ತೆಗೆದು ಜಾಡಿಸಿ ನನ್ನ ಮುಂದೆ ಇಟ್ಟಳು.

"ಅಬ್ಬಾ, ಇದರ ಮಡಿಕಿ ಬಿಚ್ಚಿ ಬರಾಬರಿ ಹೊಲೀರಿ. ಒಂದೂವರಿ ಸೆಂಟಿಮೀಟರ್ ಐತಿ. ನೀವು ಅರ್ಧ ಇಂಚು ಹಾಕೀರಿ, ಅದು ಕಮ್ಮಿ ಆತು."

ಷಡ್ಡಕನ ಕಡೆ ನೋಡಿದೆ. ಅವನು ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದ, ಹೌದು, ಕೂತಿದ್ದ, ಕೈಯಲ್ಲಿ ಬಿಸಿ ಚಹಾ ಇತ್ತು. ಕೊರಳಿನ ಟೇಪು ತೆಗೆದು ತಿರುವಿ ಹಿಡಿದು, ಸೆಂಟಿಮೀಟರಿನ ಮಗ್ಗುಲಿನಿಂದ ನನ್ನ ಮಗಳ ಕಾಲು ಅಳೆದೆ.