ಮಾತು ಸಿಗದ ನಂಬರು

ನಮ್ಮ ಸೋದರಮಾವ ಮದುವೆಯಿಲ್ಲದೆ ಉಳಿದದ್ದು ಜಾತಕದಿಂದಲ್ಲ, ಕಂಪ್ಯೂಟರನ್ನು ತೀರಾ ಚೆನ್ನಾಗಿ ಸರಿಮಾಡಿದ್ದರಿಂದ ಅಂದರೆ ನೀವು ನಗುತ್ತೀರಿ. ನಗಿ. ಹೊಳೆನರಸೀಪುರದ ನಮ್ಮ ಬೀದಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಮಾವ ಹಾಸನದ ಒಂದು ಕೊಬ್ಬರಿ ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವವರು. ಅಲ್ಲಿರುವುದು ಬೀರುವಿನಷ್ಟು ಎತ್ತರದ ಹಳೇ ಮಿಷನ್ನು. ಎಸಿ ತಣ್ಣಗೆ ಹೊಡೆಯುತ್ತೆ ಅಂತ ಅದಕ್ಕೆ ಶಾಲು ಹೊದಿಸಿ ಮ್ಯಾನೇಜರ ಹತ್ತಿರ ಬೈಸಿಕೊಂಡವರು! ಅರ್ಧಕ್ಕೆ ನಿಂತ ಮಾತನ್ನಂತೂ ಅವರು ಸಹಿಸಲಾರರು. ಮಿಸ್ಡ್ ಕಾಲ್ ಬಂದರೆ ವಾಪಸ್ ಮಾಡಿ, ವಿಷಯ ತಿಳಿಯುವ ತನಕ ಬಿಡುವುದಿಲ್ಲ. ಒಮ್ಮೆ ರಾಂಗ್ ನಂಬರಿನವನೊಬ್ಬ ಬಿಡಿಸಿಕೊಳ್ಳಲಾರದೆ ತನ್ನ ಮಗಳ ನಾಮಕರಣಕ್ಕೆ ಕರೆದುಬಿಟ್ಟ. ಮಾವ ಅರಕಲಗೂಡಿಗೆ ಹೋಗಿ ಉಂಡೂ ಬಂದರು.

ಆ ಮಿಷನ್ನಿಗೂ ಇದೇ ಕಾಯಿಲೆ. ಏನಾದರೂ ಎಡವಟ್ಟಾದರೆ ಅದು ಒಂದು ನಂಬರು ತೋರಿಸುತ್ತೆ. ಆ ನಂಬರಿನ ಅರ್ಥ ಹೇಳುವ ವಾಕ್ಯ ಬೇರೆ ಫೈಲಿನಲ್ಲಿರುತ್ತೆ. ಅಲ್ಲಿ ವಾಕ್ಯ ಸಿಗದಿದ್ದರೆ ಪ್ರೋಗ್ರಾಮೇ ನಿಂತುಬಿಡುತ್ತೆ. ಮೊದಲಿನ ತೊಂದರೆ ಹಾಗಿರಲಿ, ಅದನ್ನು ಹೇಳಲು ಮಾತು ಸಿಗಲಿಲ್ಲ ಅನ್ನುವುದೇ ದೊಡ್ಡ ತೊಂದರೆ!

ಹೀಗೆ ನಿಂತಾಗಲೆಲ್ಲ, ಅದೇ ಮಿಷನ್ನನ್ನು ನಂಬಿಕೊಂಡಿದ್ದ ಚನ್ನರಾಯಪಟ್ಟಣದ ಬ್ರಾಂಚಿನಿಂದ ಒಬ್ಬರು ಮೇಡಂ ಫೋನ್ ಮಾಡುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತಂತೆ. "ಸಾ, ನಂಬರ್ ಬಂದದೆ, ಮಾತೇ ಬಂದಿಲ್ಲ" ಅನ್ನುವರು. ಮಾವ ಮಾತು ಒದಗಿಸುವರು. ಅಲ್ಲಿಂದ ತೆಂಗಿನ ಧಾರಣೆ, ಆಮೇಲೆ ಹುರುಳಿಸಾರು, ಹಾಸಿಗೆ ಹಿಡಿದಿದ್ದ ನಮ್ಮಜ್ಜಿಯ ಆರೋಗ್ಯ, ಎಲ್ಲವೂ ಬರುವವು. ಅಜ್ಜಿ ಹೋದಾಗ ಮಾವ ಅತ್ತದ್ದು ಆ ಫೋನಿನಲ್ಲೇ ಅಂತ ಕೇಳಿದ್ದೇನೆ.

ಇಷ್ಟಿದ್ದೂ ಆ ಮನುಷ್ಯ ಏನು ಮಾಡಿದರು ಗೊತ್ತೇ? ಒಂದು ದಿನ ಹುಮ್ಮಸ್ಸು ಬಂದು ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದರು. ವಾಕ್ಯ ಸಿಗದಿದ್ದರೂ ನಿಲ್ಲಬೇಡ, 'ವಿವರ ಸಿಕ್ಕಿಲ್ಲ, ಕೆಲಸ ಮುಂದುವರಿಸಿ' ಅಂತ ತೋರಿಸಿ ಮುಂದೆ ಹೋಗು. ಮಿಷನ್ನು ಮುಂದೆ ಹೋಯಿತು. ಆಫೀಸಿಗೆಲ್ಲ ಮೈಸೂರ್‌ಪಾಕು ಹಂಚಿದರು. ಚನ್ನರಾಯಪಟ್ಟಣದ ಫೋನು ನಿಂತೇಹೋಯಿತು.

ಮಾವ ಮೊದಲು ರಿಸೀವರ್ ಎತ್ತಿ ಜೀವ ಇದೆಯೇ ಅಂತ ನೋಡಿದರು. ಆಮೇಲೆ ಪಕ್ಕದ ರೂಮಿನವರಿಂದ ಫೋನ್ ಮಾಡಿಸಿಕೊಂಡರು. ಸರಿಯಾಗಿಯೇ ಹೊಡೆದುಕೊಂಡಿತು. ಆಮೇಲೆ ಊಟ ಕಡಿಮೆ ಮಾಡಿದರು. ಆ ಸಾಲುಗಳನ್ನು ಅಳಿಸಿಬಿಡಿ ಅಂದೆ ನಾನು. ಅವರಿಗೆ ನಿಜವಾಗಿಯೂ ನೋವಾಯಿತು. "ಸರಿಯಾಗಿರೋದ್ನ ಕೆಡ್ಸಾಕಾಯ್ತದೇನ್ಲಾ?"

ಮೊನ್ನೆ ಆ ಮೇಡಂ ರಿಟೈರ್ ಆದರು. ಕೇಬಲ್ ನೋಡಬೇಕು ಅನ್ನುವ ನೆಪ ಹೂಡಿ ಮಾವ ನನ್ನನ್ನೂ ಚನ್ನರಾಯಪಟ್ಟಣಕ್ಕೆ ಎಳೆದುಕೊಂಡು ಹೋದರು. ಕೊರಳಲ್ಲಿ ಹಾರ ಹಾಕಿಕೊಂಡಿದ್ದ ಆಕೆ, ರಾಮನಾಥಪುರದ ತಂಗಿ ಮನೆಗೆ ಹೊರಟಿದ್ದೇನೆ, ಇನ್ನು ಅಲ್ಲೇ ಇರುವುದು ಅಂದರು. ಮಾವ ಮೇಜಿನಡಿ ಬಗ್ಗಿ ಚೆನ್ನಾಗಿಯೇ ಇದ್ದ ಪ್ಲಗ್ಗನ್ನು ಕಿತ್ತು ಮತ್ತೆ ಸಿಕ್ಕಿಸುತ್ತಿದ್ದರು.

"ತೊಂದ್ರೆ ಇದ್ರೆ ಮಾತ್ರ ಮಾತಾಡ್ಬೇಕಿತ್ತಾ ಸಾ?" ಅಂತ ಆಕೆ ಮೆಲ್ಲಗೆ ಕೇಳಿದರು. "ನೀವೂ ಒಂದು ಫೋನ್ ಮಾಡ್ಬೋದಿತ್ತಲ್ವಾ."

ಮೇಜಿನಡಿ ಪ್ಲಗ್ಗು ಇನ್ನೊಮ್ಮೆ ಕಿತ್ತುಬಂತು. ಮಾವ ಎದ್ದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ರಾಮನಾಥಪುರದ ಬಸ್ಸು ನಮ್ಮೂರ ಮೇಲೆಯೇ ಹೋಗುತ್ತದೆ. ಮೂವರೂ ಅದನ್ನೇ ಹತ್ತಿದೆವು. ಆಕೆ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ನಾವು ಹಿಂದೆ. ದಾರಿಯುದ್ದಕ್ಕೂ ಮಾವ ಆಕೆಯ ಜಡೆಯಲ್ಲಿದ್ದ ಕನಕಾಂಬರವನ್ನೇ ನೋಡುತ್ತಿದ್ದರು.

ಹೊಳೆನರಸೀಪುರ ಬಂತು. ನಾನು ಇಳಿದು ಹಿಂದಿರುಗಿ ನೋಡಿದೆ, ಮಾವ ಇಳಿದಿರಲಿಲ್ಲ. ಬಸ್ಸು ಹೊರಟಾಗ ಕಿಟಕಿಯಲ್ಲಿ ಕಂಡರು. ಮುಂದಿನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದರು. ಆಕೆ ಪಕ್ಕದಲ್ಲಿಟ್ಟಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.